ದೇವರ ಹೆಸರಿನ ಸಾಲು

ಎಂಬತ್ತೇಳರ ಬೇಸಿಗೆ. ಬಾಗಲಕೋಟೆಯಲ್ಲಿ ಇಳಕಲ್ಲಿನ ಬಸ್ಸಿಗೆ ಕಾಯುತ್ತಿದ್ದ ನೀಲಾಬಾಯಿಯ ಕಿವಿಗೆ, ಮುಂದೆ ನಿಂತಿದ್ದ ಇಬ್ಬರ ಜಗಳ ಬಿತ್ತು. ಕಂಪ್ಯೂಟರ್ ಕಲಿಸುವ ಮಾಸ್ತರರು ಎಂಬುದು ಮಾತಿನಲ್ಲೇ ತಿಳಿಯಿತು. ಕೂಗಾಡುತ್ತಿದ್ದವರು ಇಬ್ಬರಲ್ಲಿ ಹಿರಿಯರು.

“ಕಾಶಪ್ಪಾ, ಪರೀಕ್ಷಾದಾಗ ಹುಡುಗರು ಬರದ ಪ್ರೋಗ್ರಾಮನ್ನ ಪದ ಪದಾ ಒಡದು ಮಷೀನಿಗೆ ಕೊಡೂದಷ್ಟ ನಿನ್ನ ಕೆಲಸ. ಮೊದಲನೇ ಸಾಲ ಯಾಕ ನುಂಗಿಸಿದಿ?”

“ಎಲ್ಲಾರೂ ಮ್ಯಾಲ ದೇವರ ಹೆಸರ ಬರೀತಾರ್ರಿ, ರಾಚಯ್ಯ ಸರ್. ಒಬ್ಬಾಂವ ಬಸವಣ್ಣ ಅಂತಾನ, ಒಬ್ಬಾಂವ ಬಿಸ್ಮಿಲ್ಲಾದ ೭೮೬ ಅಂತಾನ. ಮಷೀನು ಅದನ್ನೂ ಪ್ರೋಗ್ರಾಮಂತ ತಿಳದು ತಪ್ಪು ತಪ್ಪು ಅಂತಿತ್ತು. ಅದಕ್ಕ, ಮೊದಲನೇ ಸಾಲ ಬಿಟ್ಟ ಓದು ಅಂತ ಮಷೀನಿಗೆ ಬರದಿಟ್ಟೆ.”

“ಹೆಸರ ಬರೀಲಾರದವರ ಗತಿ?”

“ಈ ಊರಾಗ ದೇವರ ಹೆಸರ ಬರೀಲಾರದ ಪರೀಕ್ಷಾಕ್ಕ ಕೂಡವ್ರು ಯಾರದಾರ್ರಿ?”

“ಜೋಹರಾ ಅದಾಳಲೇ!”

ಆ ಕೂಗಿಗೆ ನೀಲಾಬಾಯಿ ಬೆಚ್ಚಿ ಚೀಲ ಅವುಚಿಕೊಂಡಳು.

“ಮಷೀನಿಗೆ ದೇವರು ತಿಳಿಯೂದಿಲ್ಲ, ಬರೀಬ್ಯಾಡ್ರಿ ಅಂತ ವರ್ಷಾನಗಟ್ಲೆ ಬಾಯಿ ಬಡಕೊಂಡೀನಿ. ಇಡೀ ಕ್ಲಾಸಿನ್ಯಾಗ ನನ್ನ ಮಾತ ಕೇಳಿದಾಕಿ ಅಕಿ ಒಬ್ಬಾಕಿ. ಅಕಿ ಪ್ರೋಗ್ರಾಮಿನ ಖರೇ ಸಾಲನ್ನ ನಿನ್ನ ಮಷೀನು ನುಂಗಿತು. ನಪಾಸ ಆದಾಕಿನೂ ಅಕಿ ಒಬ್ಬಾಕೀನ!”

“ಅಕಿ ಪೇಪರ್ ಮತ್ತ ನೋಡೂಣ್ರಿ ಸರ್…”

“ಪೇಪರ್ ನೋಡ್ತೀಯೇನೋ, ಅಕಿ ಮಾರಿ ಹೆಂಗ ನೋಡ್ತಿ? ‘ನಾನೂ ೭೮೬ ಬರೀಬೇಕಾಗಿತ್ರಿ ಸರ್, ನಿಮ್ಮ ಮಾತ ಕೇಳಿ ತಪ್ಪ ಮಾಡಿದ್ನಿ’ ಅಂದ್ಲು. ಏನ್ ಹೇಳ್ಲಿ ನಾ ಅಕಿಗೆ?”

ಹುನಗುಂದದ ಬಸ್ಸು ಬಂದಿತು. ಕಾಶಪ್ಪ ಬಾಯಿ ತೆರೆಯುವಷ್ಟರಲ್ಲಿ ರಾಚಯ್ಯ ಹತ್ತಿ, ಅವನಿಗೆ ಬೆನ್ನು ಮಾಡಿ ಕೂತಾಗಿತ್ತು.