ಬದುಕಿದ್ದ ಸ್ವರ್ಗಸ್ಥ

ಒಂದೂರಲ್ಲಿ ಒಬ್ಬ ಶ್ರೀಮಂತ. ಯಾವೂರು ಅಂತ ಕೇಳಬೇಡಿ, ಅವನ ಬೀಗರು ಇಲ್ಲೇ ಕೂತಿರಬಹುದು! ಮಗಳ ಮದುವೆಗೆ ಒಳ್ಳೆ ವಾಲಗದವರು ಸಿಗದೆ, ಹೆಂಡತಿಯನ್ನ ಕೂರಿಸಿಕೊಂಡು ಊರೂರು ಕಾರು ಓಡಿಸ್ತಿದ್ದ.

ದಾರೀಲಿ, ಪಂಚರ್ ಅಂಗಡಿ ಪಕ್ಕ ಏನು ಕಾಣಿಸಿತು? ಒಂದು ಸಿಮೆಂಟ್ ಪ್ರತಿಮೆ! ಕೆನ್ನೆ ಎರಡೂ ಬೋಂಡದ ಹಾಗೆ ಉಬ್ಬಿವೆ, ಕೈಯಲ್ಲಿ ನಾಗಸ್ವರ. ಕೆಳಗೆ ಬರೆದಿದೆ: 'ಸ್ವರ್ಗಸ್ಥ ವಾಲಗದ ಚಿಕ್ಕಮುನಿಯಪ್ಪ.' ಶ್ರೀಮಂತ ಎದುರಂಗಡಿಯಿಂದ ಹಾರ ತಂದು ಹಾಕಿದ. ಫೋಟೊ ತೆಗೆಸಿಕೊಂಡ. ಕಣ್ಣೂ ಒರೆಸಿಕೊಂಡ.

"ಅಯ್ಯೋ, ಇಂಥೋರು ಬದುಕಿದ್ದಿದ್ರೆ ನಮ್ಮ ಮಗಳ ಮದುವೆಗೇ ಕರೀತಿದ್ನಲ್ಲೇ!"

"ಇದೀನಲ್ಲ ಬುದ್ಧಿ!"

ಪ್ರತಿಮೆ ಮಾತಾಡಲಿಲ್ಲ, ಹೆದರಬೇಡಿ. ಅದರ ನೆರಳಲ್ಲಿ ಒಬ್ಬ ಮುದುಕ ಬೀಡಿ ಸೇದ್ತಾ ಕೂತಿದ್ದ. ನೋಡಿ, ಅದೇ ಕೆನ್ನೆ!

"ಮಗಳ ಮನೇಲಿದ್ದೆ. ಸತ್ತೋದ ಅಂತ ಯಾರೋ ಸುದ್ದಿ ಹಬ್ಬಿಸಿದ್ರು. ಊರೋರು ಪ್ರೀತಿಯಿಂದ ಚಂದಾ ಎತ್ತಿ ಇದನ್ನ ನಿಲ್ಲಿಸೇಬಿಟ್ರು. ನಾನು ಬಂದ್ರೆ, 'ನೀನು ಬೇಕಾದ್ರೆ ಬದುಕ್ಕೊ, ಪ್ರತಿಮೆ ಮಾತ್ರ ಕೀಳಲ್ಲ' ಅಂದ್ರು! ಪ್ರತಿಮೆಗೆ ಹಾರದ ಮೇಲೆ ಹಾರ. ನನ್ನನ್ನ ಮಾತ್ರ ಒಂದು ಮದುವೆಗೂ ಕರೆಯಲ್ಲ. ಸ್ವರ್ಗಸ್ಥ ಊದಿದ್ರೆ ಅಪಶಕುನವಂತೆ. ನೀವಾದ್ರೂ ಕರೀರಿ ಬುದ್ಧಿ, ಒಲೆ ಉರೀಬೇಕು."

ಈಗ ತಾನೇ ಅತ್ತವನು ಏನಂದ ಗೊತ್ತಾ? "ಶುಭಕಾರ್ಯ ಕಣಯ್ಯ... ಜನ ಏನಂದಾರು?"

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ರೀ, ಸಿಮೆಂಟ್ ಊದುತ್ತೇನ್ರೀ? ಇವರ ಉಸಿರು ನೋಡಿ, ಬೀಡಿ ಹೊಗೆ ರಸ್ತೆ ದಾಟ್ತಿದೆ! ಅಣ್ಣಾ, ಮುಂದಿನ ಸೀಟಲ್ಲಿ ಕೂತ್ಕೊಳ್ಳಿ."

ಮದುವೆ ದಿನ ಅವನು ಊದಿದ ಗಟ್ಟಿಮೇಳಕ್ಕೆ ಶಾಮಿಯಾನವೇ ನಡುಗಿತು. ಅವನನ್ನ ನೋಡಿ ಅಪಶಕುನ ಅಂದಿದ್ದ ನೆಂಟರೇ ಊಟಕ್ಕೂ ಮೊದಲು ಬಂದು, "ನಮ್ಮನೇಲೂ ಒಂದು ಮದುವೆ ಇದೆ, ಬಂದ್ಬಿಡಪ್ಪಾ" ಅಂದರು.

ನಗ್ತೀರಿ. ನೀವೇನು ಕಮ್ಮಿ? ತೀರಿಹೋದ ತಾಯಿ ಮಾಡ್ತಿದ್ದ ಹುಳಿ ನೆನೆಸಿಕೊಂಡು ಗೋಳಾಡ್ತೀರಿ. ಎದುರಿಗೆ ನಿಂತು ಬಡಿಸೋ ಹೆಂಡತಿಗೆ "ಉಪ್ಪು ಕಮ್ಮಿ" ಅಂತೀರಿ. ಅಪ್ಪನ ತಿಥಿಗೆ ಎಡೆ ತುಂಬಾ ವಡೆ. ಬದುಕಿದ್ದಾಗ ಇನ್ನೊಂದು ಲೋಟ ಕಾಫಿ ಕೇಳಿದ್ದಕ್ಕೆ ಗದರಿದ್ದು ಯಾರು? ನಾನಾ?

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ, ಬಡಿಸುವವರ ಮುಖ ನೋಡಿ "ಚೆನ್ನಾಗಿದೆ" ಅನ್ನಿ. ಮನಸ್ಸಲ್ಲಿ ಅಲ್ಲ, ಬಾಯಿಬಿಟ್ಟು! ಉಪ್ಪು ಕಮ್ಮಿಯಿದ್ದರೆ, ಬಾಯಿ ಮುಚ್ಚಿಕೊಂಡು ನೀವೇ ಎದ್ದು ಹಾಕಿಕೊಳ್ಳಿ.