ಫಾರ್ಕರ್ ಅನ್ನೋ ಹೆಸರು ಬೇಡ

ಬೇಡ ಅಂದ್ರೆ ಬೇಡ ಕಣೋ! ಎಷ್ಟು ಸಲ ಬಾಯಿ ನೋಯಿಸ್ಕೊಳ್ಳಲಿ? ಭಾನುವಾರ ಪಾದ್ರಿ ನಿನ್ನ ಮಗನ ತಲೆ ಮೇಲೆ ನೀರು ಹಾಕುವಾಗ ಬೇರೆ ಏನಾದ್ರೂ ಹೆಸರು ಹೇಳು. ಫಾರ್ಕರ್ ಬೇಡ... ಸತ್ತ ಅಪ್ಪನ ಹೆಸರಾದ್ರೆ ಏನೀಗ? ನಿಮ್ಮಪ್ಪನ್ನ ಹೆತ್ತವಳು ನಾನು. ನಾನೇ ಬೇಡ ಅಂತಿದೀನಿ!

ಮುಖ ಯಾಕೆ ಹಂಗೆ ಮಾಡ್ತೀಯಾ? ಪದ್ಧತಿ ಹೇಳಿಕೊಟ್ಟವಳು ನೀನೇ ಅಲ್ವಾ ಅಜ್ಜಿ ಅಂತಾನಾ? ಹೌದು, ನಾನೇ. ಮೊದಲ ಗಂಡಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಈ ಲೂಯಿಸ್ ದ್ವೀಪದಲ್ಲಿ ಕುರಿಗೂ ಗೊತ್ತು. ಅದಕ್ಕೇ ನಿಂಗೆ ನಿಮ್ಮಜ್ಜನ ಹೆಸರು, ಲಾಕ್ಲನ್. ಆದ್ರೆ ಈಗ ಯಾರು ಕೇಳ್ತಾರೋ? ಮೂಲೆಮನೆಯವರು ಕೂಸಿಗೆ ಯಾವುದೋ ರೇಸ್ ಕುದುರೆ ಹೆಸರು ಇಟ್ಟಿದಾರೆ!

ಆ ಪುಸ್ತಕ ಮುಚ್ಚು. ಗ್ಲಾಸ್ಗೋದಿಂದ ವಂಶಾವಳಿ ಬರಿಯಕ್ಕೆ ಬಂದ ದೊಡ್ಡ ಮನುಷ್ಯ! ಮೊದಲು ಚಹಾ ಕುಡಿ.

ಪದ್ಧತಿ ಅಂತೆ, ಪದ್ಧತಿ! ಅದೆಂಥಾ ಚಾಡಿಕೋರ ಗೊತ್ತಾ? ಎಫಿ ಕಥೆ ಕೇಳು... ಅದೇ, ಚರ್ಚಲ್ಲಿ ಮುಂದಿನ ಬೆಂಚಿನ ಮುದುಕಿ. ಅವಳ ಮಾವ ಡೊನಾಲ್ಡ್. ಚೊಚ್ಚಲು ಗಂಡು. ಡೊನಾಲ್ಡ್ ಅಂತಾರೆ ಅಂತ ಊರೆಲ್ಲಾ ಕಾಯ್ತಿದ್ರೆ ಪಾದ್ರಿ ಕೂಗಿದ್ದೇನು? ನೀಲ್! ಅತ್ತೆ ಧಡಕ್ಕನೆ ಎದ್ದು ಹೊರಟೇಬಿಟ್ಲು, ಟೋಪಿ ಬೆಂಚಲ್ಲೇ ಬಿಟ್ಟು. ಊರಿಗೆಲ್ಲಾ ಒಬ್ಬನೇ ಮುದುಕ ನೀಲ್ — ಅಂಗಡಿ ವ್ಯಾನ್ ಓಡಿಸ್ತಿದ್ದವನ ಅಪ್ಪ! ಹಹ್ಹಾ! ಆ ವ್ಯಾನು ಎಫಿ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ತಿತ್ತು ಅಂತ ನಾನೇ ಗಡಿಯಾರ ನೋಡಿದೀನಿ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದಂಗೆ!

ಯಾಕೆ ಹಂಗಿಟ್ಲು ಅಂತೀಯಾ? ಭಯ. ದೇವರ ಮುಂದೆ ಸುಳ್ಳು ಹೆಸರು ಹೇಳಿದ್ರೆ ಕೂಸು ಉಳಿಯಲ್ಲ ಅಂತ. ಆ ವಯಸ್ಸಲ್ಲಿ... ಭಯ ಹಂಗಿರುತ್ತೆ.

ನಗು ಬರಲಿಲ್ವಾ? ಯಾವ ಪುಟ ಅದು?... ಹ್ಞೂಂ, ನಿಮ್ಮಜ್ಜನ ಅಪ್ಪ ಟಾರ್ಮಡ್. ಸಮಾಧಿ ಕಲ್ಲಲ್ಲೇ ಇದೆ, ನಾನೇನು ಮುಚ್ಚಿಟ್ಟಿಲ್ಲ... ಸರಿ ಕಣೋ, ನಿಮ್ಮಪ್ಪನೂ ಟಾರ್ಮಡ್ ಆಗಬೇಕಿತ್ತು. ಆಗಲಿಲ್ಲ! ನಿಮ್ಮಜ್ಜನಿಗೆ ಫಾರ್ಕರ್ ಅಂತ ಒಬ್ಬ ಚಿಕ್ಕಪ್ಪ ಇದ್ದ. ಯುದ್ಧದಲ್ಲಿ ಮುಳುಗಿ ಸತ್ತ. ಅವನ ನೆನಪಿಗೆ... ಏನು, ಚಿಕ್ಕಪ್ಪಂದಿರೆಲ್ಲಾ ಬರೆದಾಗಿದೆಯಾ? ಅದರಲ್ಲಿ ಇಲ್ವಾ? ಹಂಗಾದ್ರೆ ಪಾದ್ರಿ ಆರಿಸಿದ್ದು. ನಂಗೆಲ್ಲಿ ನೆನಪಿರುತ್ತೆ, ಕೋರ್ಟಲ್ಲಿ ಕೇಳ್ದಂಗೆ ಕೇಳ್ತೀಯಲ್ಲ!

ಕಿಟಕಿಯಾಚೆ ಏನು ನೋಡ್ತೀಯಾ? ಕೊಲ್ಲಿ ಆಚೆ ದಡದ ಮನೇನಾ? ಅದರ ಸೂರು ಬಿದ್ದು ಇಪ್ಪತ್ತು ವರ್ಷ. ಮುದುಕ ಫಾರ್ಕರ್ ಸತ್ತ, ಮಗ ಅಲಿಸ್ಟರ್ ಅದಕ್ಕೂ ಮುಂಚೆ ದೋಣಿ ಮಾರಿ ಕೆನಡಾಕ್ಕೆ...

...

ನೀನೇ ಬಾಯಿ ಬಿಡಿಸಿದ್ದು! ಹಾಳಾದವನೇ, ನೀನೇ!

ಭಾನುವಾರ ಎಫಿ ಬಂದೇ ಬರ್ತಾಳೆ. ತೊಂಬತ್ತೊಂದಾದ್ರೂ ಕಿವಿ ಚೂಪು. ಅರವತ್ತು ವರ್ಷ ನಾನವಳನ್ನ ಹುರಿದು ಮುಕ್ಕಿದೀನಿ. ಆ ಹೆಸರು ಇನ್ನೊಂದು ಸಲ ಕಿವಿಗೆ ಬಿದ್ರೆ ಅವಳು ನನ್ನ ಬಿಡ್ತಾಳೇನೋ?

ಅಜ್ಜನಿಗೆ ಗೊತ್ತಿತ್ತಾ ಅಂತಾನಾ? ಗೊತ್ತಿತ್ತು, ನಿಮ್ಮಜ್ಜನಿಗೆ ಗೊತ್ತಿತ್ತು. ಪಾದ್ರಿ ಕೇಳಿದಾಗ ಅಪ್ಪನಾದವನೇ ಹೆಸರು ಹೇಳಬೇಕಲ್ಲ? ಹೇಳಿದ. ಗಟ್ಟಿಯಾಗಿ, ಒಂದೇ ಉಸಿರಿಗೆ. ಆಮೇಲೆ ಸಾಯೋವರೆಗೂ ಆ ಹೆಸರು ಅವನ ಬಾಯಲ್ಲಿ ಬರಲಿಲ್ಲ. 'ಹುಡುಗ' ಅಂತಿದ್ದ. ನಲವತ್ತು ವರ್ಷದ ಗಂಡಸಿಗೆ — 'ಹುಡುಗ, ಬಾಗಿಲು ಹಾಕು.'

ನಿಂಗೆ ಲಾಕ್ಲನ್ ಅಂತ ಇಟ್ಟ ದಿವಸ ಅತ್ತುಬಿಟ್ಟ. ಸಂತೋಷಕ್ಕೆ ಅಂದ್ಕೊಂಡಿದ್ದೆ.

ಕೋಟು ಯಾಕೆ ತಗೊಂಡೆ? ಚಹಾ ಮುಟ್ಟೇ ಇಲ್ಲ... ಲಾಕ್ಲನ್! ಏ ಲಾಕ್ಲನ್! ನಿನ್ನನ್ನೇ ಕಣೋ ಕರೀತಿರೋದು, ತಿರುಗಿ ನೋಡಲ್ವಾ?

ಲಾಕ್ಲನ್...

ಹುಡುಗಾ... ಬಾಗಿಲಾದ್ರೂ ಹಾಕ್ಕೊಂಡು ಹೋಗು.