ನಂಬರಿಲ್ಲದ ಮನಿಗೆ ಬಂದ ನೋಟೀಸು

ತಕರಾರು ಅರ್ಜಿ ಹಿಡಿದು ಪಾಲಿಕೆಯ ಸಾಲಿನಲ್ಲಿ ನಿಂತಿದ್ದ ಹುಲಿಗೆಪ್ಪನ ಕಿವಿ, ಮುಂದಿದ್ದ ಇಬ್ಬರು ಹೆಂಗಸರ ಕಡೆಗೇ ಇತ್ತು. ಸಾವಂತ್ರೆವ್ವ ಆಗಷ್ಟೇ ಕಿಟಕಿಯಿಂದ ಸಿಡಿಮಿಡಿಗುಟ್ಟುತ್ತ ತಿರುಗಿದ್ದಳು. ನೆರೆಮನೆಯ ಮೀನಾ ಕೇಳಿದಳು:

"ಏನಂದ್ರು ಅತ್ತಿ?"

"ಗೋವಾಕ್ಕ ಬಂದು ಮೂವತ್ತು ವರ್ಷಾದ್ರೂ ನಮ್ಮ ಮನಿಗೆ ನಂಬರ್ ಇಲ್ಲಲ್ಲ, ಅದಕ್ಕ ಅರ್ಜಿ ತಗೊಳ್ಳೂದಿಲ್ಲಂತ."

"ಹೊಲಸು ಬಿದ್ದಿದ್ದು ಬಾಜೂ ಬಂಗ್ಲೇದಾಗ. ನಿಮ್ಮ ನಂಬರ್ ಯಾಕ?"

"ತಕರಾರು ಮಾಡೋರಿಗೂ ಬೇಕಂತ."

"ಬಂಗ್ಲೇದ ಮಾಲಕನ್ನ ಕರಸ್ರಿ ಅನ್ನಬೇಕಿತ್ತು."

"ಅಂವ ಪೋರ್ತುಗಾಲ್‌ದಾಗ ಅದಾನ. ಹೋದ ತಿಂಗಳ ಬಾಯಿಲೆ ಹೇಳಿದ್ದಕ್ಕ ಇನ್‌ಸ್ಪೆಕ್ಟರ್ ಬಂದಿದ್ದ. ಬಂಗ್ಲೇದ ಕೀಲಿ ಅಳ್ಳಾಡಿಸಿ ನೋಡಿ, ಸೀದಾ ನಮ್ಮ ಅಂಗಳಕ್ಕ ಬಂದ. ನೀರಿನ ಡ್ರಮ್ಮಿನಾಗ ಸೊಳ್ಳಿ ಆಗ್ತಾವಂತ ನನಗ ನೋಟೀಸ್ ಕೊಟ್ಟ."

"ಅಯ್ಯ! ಅಲ್ಲಿ ಹುಲ್ಲು ಆಳೆತ್ತರ ಬೆಳದೈತಿ. ಮೊನ್ನೆ ಹಾವು ನನ್ನ ಕೂಸಿನ ತೊಟ್ಟಲ ಕೆಳಗ ಬಂದಿತ್ತು. ಹೇಳಿದ್ರಿಲ್ಲೋ?"

"ಹೇಳಿದೆ. ಹಾವಿಂದು ಬ್ಯಾರೆ ಆಫೀಸಂತ."

"ಮನಿಗೆ ನಂಬರ್ ಇಲ್ಲದ ಮ್ಯಾಲೆ, ನೋಟೀಸಿನಾಗ ಏನಂತ ಬರದಾರ?"

"'ಬಂಗ್ಲೇ ಬಾಜೂಕಿನ ಮನಿ' ಅಂತ. ನೋಟೀಸ್ ಕೊಡಾಕ ಅಷ್ಟ ಸಾಕಾತು ನೋಡವಾ. ನಡಿ."

ಇಬ್ಬರೂ ಮೆಟ್ಟಿಲಿಳಿದು ಹೋದರು. ಹುಲಿಗೆಪ್ಪ ತನ್ನ ಅರ್ಜಿಯನ್ನು ಮಡಚಿ ಜೇಬಿಗಿಟ್ಟ. ಮನೆಯ ಡ್ರಮ್ಮು ಮುಚ್ಚಿ ಬಂದಿದ್ದೆನೋ ಇಲ್ಲವೋ ಎಂಬ ಚಿಂತೆ ಹತ್ತಿ, ಸಾಲು ಬಿಟ್ಟು ಮನೆಯ ಕಡೆ ಓಡಿದ.